ಹನಿ ನಿಲ್ಲಬಾರದು

ಕರಿ ಕಾರು ತಗೋಬ್ಯಾಡ ಅಂದಿದ್ರು ಎಲ್ಲಾರೂ.
ರಾಯಚೂರಾಗ ಕರಿ ಬಣ್ಣ ಅಂದ್ರ
ಮನಿ ಮುಂದ ಎಮ್ಮಿ ಕಟ್ಟಿದಂಗ,
ದಿನಾ ಮೈ ತೊಳೀಬೇಕು.
ತಗೊಂಡೆ. ಸಿಂಧನೂರಿನ ಹಲ್ಲಿನ ಡಾಕ್ಟರು ಮಾರಿದ್ದು,
ಆರು ವರ್ಷದ್ದು,
ನನಗಿಂತ ಚಂದ ನಿಂತಿತ್ತು ಬಾಗಿಲ ಮುಂದ.

ಮೊದಲ ಐತವಾರ ಬೋರಿನ ನೀರಿನಾಗ ತೊಳದೆ.
ಚಾ ಕುಡದು ಬರೂದ್ರಾಗ
ಬಾನೆಟ್ ತುಂಬ ಬಿಳಿ ಉಂಗುರ,
ಯಾರೋ ಸುಣ್ಣದಾಗ ಬೆರಳು ಅದ್ದಿ
ಲೆಕ್ಕ ಮಾಡಿ ಹೋದಂಗ.
ಕೆರದೆ. ಉಗುರು ಸವೀತು.

ಈ ನೀರು ನನಗ ಹೊಸದಲ್ಲ.
ಅವ್ವನ ತಾಮ್ರದ ಹಂಡ್ಯಾದ ಒಳಗ
ಮೂವತ್ತು ವರ್ಷ ಪದರು ಪದರಾಗಿ ಕುಂತದ್ದು ಇದೇ.
ಹೋದ ಶ್ರಾವಣದಾಗ ಎಡ ಪಕ್ಕಿ ಹಿಡದು
ನನ್ನ ನೆಲಕ್ಕ ಕೆಡವಿ ಉಳ್ಳಾಡಿಸಿದ್ದೂ ಇದೇ.
ಐದು ಮಿಲಿಮೀಟರು, ಅಂದ್ಲು ಸ್ಕ್ಯಾನಿಂಗಿನಾಕಿ.
ಬಾಳಿದಿಂಡಿನ ರಸ ಕುಡದು ಕುಡದು ಬಿತ್ತು.
ಕಡ್ಡಿಪೆಟ್ಟಿಗ್ಯಾಗ ಇಟ್ಟೀನಿ, ಇನ್ನೂ.

ಲಿಂಗಸೂಗೂರು ರಸ್ತಾಕ್ಕ ಹುಸೇನಪ್ಪನ ತಗಡಿನ ಶೆಡ್ಡು.
ಕೋಟಿಂಗು, ಪಾಲಿಶು, ಫಿಲಮು. ಗ್ವಾಡಿ ಮ್ಯಾಲೆ ಒಂದು ಫೋಟೊ:
ಕೆಂಪು ಕಾರಿನ ಮೈ ತುಂಬ ಮುತ್ತು ಚೆಲ್ಲಿದಂಗ ಹನಿ.
ಮಗಳು ಶಾಂಭವಿ ಬೆರಳು ಚಾಚಿದ್ಲು, "ಅಪ್ಪಾ, ಅದು!"
ನಾನೂ ಅದಕ್ಕೇ ಬಂದಿದ್ದೆ, ಖರೇ ಹೇಳಬೇಕಂದ್ರ.

ಹುಸೇನಪ್ಪ ಮಾತಾಡಲಿಲ್ಲ.
ಮೂಲ್ಯಾಗಿನ ಒಂದು ಮುರುಕು ಕಾರಿನ ಬಾಗಿಲು ತಂದ,
ನಡುವ ಟೇಪು ಹಚ್ಚಿದ್ದು, ಎರಡು ಕಡೆ ಎರಡು ಮದ್ದು.
ಇಟ್ಟಂಗಿ ಕೊಟ್ಟು ತುಸು ಓರೆ ಮಾಡಿ
ಬಿಸಿಲಾಗ ಮಲಗಿಸಿದ. ಮಗ್ಗಿನಾಗ ನೀರು ಹೊಯ್ದ.

ಎಡಕ್ಕ ನೀರು ಒಡದು, ಓಡ್ಯಾಡಿ,
ದುಂಡಗ ದುಂಡಗ ಎದ್ದು ಕುಂತಿತು,
ಹನಿಗೊಂದು ಸಣ್ಣ ಸೂರ್ಯ.
ಬಲಕ್ಕ ನೀರು ಚಾದರ ಹಾಸಿದಂಗ ಹರಡಿ
ಅಂಚು ಹಿಡದು ಯಾರೋ ಜಗ್ಗಿದಂಗ
ಪೂರಾ ಜಾರಿ ಹೋತು.

"ತಡೀರಿ" ಅಂದ. ಬೀಡಿ ಹಚ್ಚಿದ.
ನಲವತ್ಮೂರು ಡಿಗ್ರಿ.
ಬೀಡಿ ಮುಗಿಯೂದ್ರಾಗ ಎಡಗಡೆ ಮುತ್ತು ಕುಗ್ಗಿ ಕುಗ್ಗಿ
ಕಣ್ಣು ಮುಚ್ಚಿದ್ವು,
ಒಂದೊಂದರ ಜಾಗಕ್ಕ ಒಂದೊಂದು ಉಂಗುರ.
ಬಲಗಡೆ ಏನೂ ಇಲ್ಲ ಅನ್ನಂಗಿಲ್ಲ:
ತಳದ ಅಂಚಿಗೆ ಒಂದು ಮಸುಕು ಗೆರಿ,
ಬಟ್ಟಿ ಆಡಿಸಿದ್ರ ಹೋಗೂವಷ್ಟು.

"ಹನಿ ಚಂದ್ರಿ ಸಾರ್, ಫೋಟೊದಾಗ.
ಮೆದು ನೀರಿದ್ದೋರು ಮಾಡಿಸ್ಲಿ.
ನಮ್ಮ ಬೋರಿಗೆ ನಿಂದ್ರಾಕ ಜಾಗ ಕೊಟ್ರ
ಮನೀನೇ ಕಟ್ತದ."

ಗಂಜಿನಾಗ ಲಾರಿಕಾಟಾದ ಮುಂದ ಕುಂದ್ರಾವ ನಾನು.
ಹತ್ತಿ ತುಂಬಿ ಬಂದದ್ದು ತೂಗತೀನಿ,
ಖಾಲಿಯಾಗಿ ತಿರುಗಿ ಬಂದಾಗ ಮತ್ತ ತೂಗತೀನಿ.
ಇಳಿಸಿದ ಮ್ಯಾಲೆ ಏನು ಉಳೀತು ಅನ್ನೂದ
ನನ್ನ ಹೊಟ್ಟಿಪಾಡು.
ಫೋಟೊ ನೋಡಿ ಮರತಿದ್ದೆ ನೋಡ್ರಿ.

"ಬಲಗಡೇದ್ದು ಹಚ್ಚು" ಅಂದೆ.
ಶಾಂಭವಿ ಮಾರಿ ಬಾಡಿತು, ಚಪ್ಲಿ ನೋಡಕೋತ ನಿಂತ್ಲು.
ಸಂಜೀಕ ಕಾರು ತರಾಕ ಹೋದ್ರ
ಹಿಂದಿನ ಎಡ ಬಾಗಿಲಿಗೆ, ಆಕಿ ಕಿಡಕಿ ಕೆಳಗ,
ರೊಟ್ಟಿ ಅಗಲ ಜಾಗ ಬಿಟ್ಟಾನ ಹುಸೇನಪ್ಪ.
ಅಷ್ಟಕ್ಕ ಮಾತ್ರ ಹಳೇ ಮೇಣ ತಿಕ್ಯಾನ.
"ಇದಕ್ಕ ರೊಕ್ಕ ಬ್ಯಾಡ್ರಿ.
ಆದ್ರ ಇಷ್ಟು ನೀವು ಒರಸಬೇಕು, ಹನಿ ಒಣಗೂಕಿಂತ ಮೊದಲು."

ಈಗ ಬಿಸಿಲೇರೂಕಿಂತ ಮೊದಲ ತೊಳೀತೀನಿ,
ಕಡೀಕ ಒಂದು ಬಕೀಟು ಫಿಲ್ಟರಿನ ನೀರು.
ಶಕ್ತಿನಗರದ ಬೂದಿ ಕಟಗೊಂಡು
ನೀರೆಲ್ಲಾ ಹಂಗ ಇಳದು ಹೋಗ್ತದ.
ರೊಟ್ಟಿ ಅಗಲದಾಗ ಮಾತ್ರ ಹನಿ ಎದ್ದು ಕುಂದ್ರತಾವ.
ಆಕಿ ಮೂಗು ಹಚ್ಚಿ ಎಣಿಸ್ತಾಳ.
ಎಣಿಸಿ ಮುಗಿಯೂತನ ಬಟ್ಟಿ ಹಿಡಕೊಂಡು ನಿಂದ್ರತೀನಿ.

ಮೊನ್ನೆ ಹತ್ತಿ ಸೀಜನ್ನು, ಲಾರಿ ಸಾಲು ರಸ್ತಾತನ.
ಎಣಿಕಿ ನಡುವ ಫೋನು ಬಂತು, ಬಟ್ಟಿ ಒಗದು ಓಡಿದೆ.
ರಾತ್ರಿ ಬಂದು ಮೊಬೈಲಿನ ಲೈಟು ಹಿಡದು ನೋಡ್ತೀನಿ:
ಮೂವತ್ತೆಂಟು ಉಂಗುರ.

ನಿದ್ದಿಗಣ್ಣಾಗ ಹೇಳಿದ್ಲು,
"ನಲವತ್ತೊಂದು ಇದ್ವು ಅಪ್ಪಾ.
ಮೂರು ಜಾರಿದ್ವು."